ಅಚ್ಚು ಹಳತಾದಾಗ

ಸರ್ಕಾರಿ ಕಚೇರಿಯಲ್ಲಿ ಅನ್ನ ಕಾಣುವ ನಮ್ಮಂಥವರಿಗೆ ಫಾರಂ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ರಜೆ ಬೇಕೆಂದರೆ ಒಂದು ಫಾರಂ, ಮುಂಗಡ ಹಣ ಬೇಕೆಂದರೆ ಇನ್ನೊಂದು, ಪಿಂಚಿಣಿಗೆ ಮತ್ತೊಂದು. ಫಾರಮಿನ ಗುಟ್ಟು ಬಹಳ ಸರಳವಾದುದು. ಎಲ್ಲರಿಗೂ ಸಮಾನವಾದ ಮಾತನ್ನು ಮೊದಲೇ ಅಚ್ಚು ಹಾಕಿಸಿಟ್ಟು, ಒಬ್ಬೊಬ್ಬರಿಗೂ ಬೇರೆಯಾಗುವ ಹೆಸರು, ಹುದ್ದೆ, ತಾರೀಖುಗಳಿಗೆ ಮಾತ್ರ ಖಾಲಿ ಜಾಗ ಬಿಡುವುದು. ಲಗ್ನಪತ್ರಿಕೆ ಅಚ್ಚು ಹಾಕುವವರು ಮಾಡುವುದೂ ಇದನ್ನೇ. ಮನೆಯಲ್ಲಿ ಹೆಂಗಸರು ಚಕ್ಕುಲಿ ಒರಳಿನಲ್ಲಿ ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಹಿಟ್ಟು ಮನೆಯದು, ಒರಳು ಮನೆಯದು. ಒಳಗಿನ ಬಿಲ್ಲೆಯನ್ನು ಬದಲಾಯಿಸಿದರೆ ಒಮ್ಮೆ ಚಕ್ಕುಲಿ, ಒಮ್ಮೆ ಸೇವು.

ಈ ಹಳೆಯ ಯುಕ್ತಿಯೇ ಇಂದು ಅಸಂಖ್ಯ ವೆಬ್‌ಸೈಟುಗಳ ಹಿಂದೆ ಕೆಲಸ ಮಾಡುತ್ತಿದೆ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ನಮ್ಮ ಪುಣೆ, ಮುಂಬಯಿ, ಹೈದರಾಬಾದುಗಳ ಕನ್ನಡ ಮನೆಗಳಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೋಗುವ ಮಗನೋ ಮಗಳೋ ಸೊಸೆಯೋ ಒಬ್ಬರಾದರೂ ಇರುತ್ತಾರೆ. ಅವರು ಊಟಕ್ಕೆ ಕುಳಿತಾಗ “ಒಂದು ಡಿಪೆಂಡೆನ್ಸಿ ಹಳೆಯದಾಗಿದೆ, ಇಡೀ ದಿನ ಅದರಲ್ಲೇ ಕಳೆಯಿತು” ಎಂದು ನಿಟ್ಟುಸಿರು ಬಿಡುವುದನ್ನು ನಾವೆಲ್ಲ ಕೇಳಿದ್ದೇವೆ. ಕೇಳಿ, ಸಾರು ಬಡಿಸಿ ಸುಮ್ಮನಾಗಿದ್ದೇವೆ. ಆ ನಿಟ್ಟುಸಿರಿನ ಅರ್ಥವೇನು, ಅದಕ್ಕೂ ನಮ್ಮ ಸಂಘದಂಥ ಚಿಕ್ಕ ಸಂಸ್ಥೆಗಳಿಗೂ ಏನು ಸಂಬಂಧ ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಹೇಳುವುದೇ ಈ ಲೇಖನದ ಉದ್ದೇಶ.

ಹಿಟ್ಟು, ಬಿಲ್ಲೆ, ಒರಳು

ಒಂದು ಸಂಘಕ್ಕೆ ನೂರು ಪುಟದ ವೆಬ್‌ಸೈಟು ಇದೆಯೆನ್ನಿ. ಪ್ರತಿಯೊಂದು ಪುಟದ ತಲೆಯಲ್ಲಿ ಸಂಘದ ಹೆಸರು, ಬದಿಯಲ್ಲಿ ವಿಷಯಸೂಚಿ, ಕಾಲಿನಲ್ಲಿ ವಿಳಾಸ ಇರಬೇಕು. ಇದನ್ನು ನೂರು ಸಲ ಕೈಯಿಂದ ಬರೆದರೆ, ವಿಳಾಸ ಬದಲಾದ ದಿನ ನೂರು ಸಲ ತಿದ್ದಬೇಕಾಗುತ್ತದೆ. ಆದುದರಿಂದ ಬರವಣಿಗೆಯನ್ನು ಒಂದು ಕಡೆ ಸಾದಾ ಅಕ್ಷರಗಳಲ್ಲಿ ಇಡುತ್ತಾರೆ; ಇದು ಹಿಟ್ಟು. ಪುಟದ ಚೌಕಟ್ಟನ್ನು, ಅಂದರೆ ಟೆಂಪ್ಲೇಟನ್ನು, ಇನ್ನೊಂದು ಕಡೆ ಇಡುತ್ತಾರೆ; ಇದು ಬಿಲ್ಲೆ. ಇವೆರಡನ್ನೂ ಕೂಡಿಸಿ ಒತ್ತಿ ನೂರು ಸಿದ್ಧ ಪುಟಗಳನ್ನು ಹೊರಗೆಡಹುವ ತಂತ್ರಾಂಶವೇ ಸೈಟ್ ಜನರೇಟರ್, ಇದು ಒರಳು. ಒಮ್ಮೆ ಪುಟಗಳು ಸಿದ್ಧವಾದ ಮೇಲೆ ಒರಳಿಗೆ ಕೆಲಸವಿಲ್ಲ. ಓದುವವರ ಬಳಿಗೆ ಹೋಗುವುದು ತಯಾರಾದ ಚಕ್ಕುಲಿ ಮಾತ್ರ. ಹೀಗಾಗಿ ಇಂಥ ತಾಣಗಳು ಬೇಗ ತೆರೆದುಕೊಳ್ಳುತ್ತವೆ, ಖರ್ಚು ಕಡಿಮೆ, ಕೆಡುವುದೂ ಕಡಿಮೆ.

ಈ ಜಾತಿಯ ಒರಳುಗಳಲ್ಲಿ ೨೦೦೮ರಲ್ಲಿ ಹುಟ್ಟಿದ ಜೆಕಿಲ್ ಬಹಳ ಹೆಸರಾಯಿತು. ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು ಅದು. ಅದಾದ ಸುಮಾರು ಹತ್ತು ವರ್ಷಕ್ಕೆ, ೨೦೧೮ರ ಹೊತ್ತಿಗೆ, ಅಮೇರಿಕದ ಜಾಕ್ ಲೆದರ್‌ಮನ್ ಎಂಬವರು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ‘ಎಲೆವೆಂಟಿ’ ಎಂಬ ಇನ್ನೊಂದನ್ನು ಜನರ ಕೈಗಿಟ್ಟರು. ಎರಡೂ ಮುಕ್ತ ತಂತ್ರಾಂಶಗಳು. ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದು, ಒಳಗೆ ಹೇಗಿದೆಯೆಂದು ಬಿಚ್ಚಿ ನೋಡಬಹುದು, ತಿದ್ದಿ ಕಳುಹಿಸಬಹುದು. ಊರಿನ ದೇವಸ್ಥಾನದ ಬಾವಿಯ ಹಾಗೆ ಎನ್ನೋಣ. ನೀರು ಸೇದುವವರು ನೂರು ಮಂದಿ. ಹೂಳೆತ್ತುವವರು ಮಾತ್ರ ಇಬ್ಬರೋ ಮೂವರೋ.

ಮೀಸೆಗಳ ಸಂತೆ

ಎಲೆವೆಂಟಿಯ ಹಿರಿಮೆ ಅದರ ಆತಿಥ್ಯದಲ್ಲಿತ್ತು. ಒರಳು ಒಂದೇ ಆದರೂ ಬಿಲ್ಲೆ ಯಾರದಾದರೂ ಆಗಬಹುದು ಎಂದು ಅದು ಸಾರಿತು. ಟೆಂಪ್ಲೇಟು ಬರೆಯಲು ಲೋಕದಲ್ಲಿ ಒಂದೇ ಲಿಪಿ ಇಲ್ಲವಷ್ಟೆ. ಖಾಲಿ ಜಾಗವನ್ನು ಹೇಗೆ ಗುರುತಿಸಬೇಕು, ಒಂದೇ ಬಗೆಯ ಸಾಲು ಹತ್ತು ಸಲ ಬರಬೇಕಾದರೆ ಹೇಗೆ ಹೇಳಬೇಕು ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಸಂಪ್ರದಾಯ. ಈ ಸಂಪ್ರದಾಯವನ್ನು ಅರ್ಥಮಾಡಿಕೊಂಡು ಖಾಲಿ ಜಾಗ ತುಂಬುವ ಚಿಕ್ಕ ತಂತ್ರಾಂಶಕ್ಕೆ ಟೆಂಪ್ಲೇಟ್ ಎಂಜಿನ್ ಎನ್ನುತ್ತಾರೆ.

ಈ ಎಂಜಿನುಗಳ ಹೆಸರುಗಳಲ್ಲೇ ಒಂದು ವಿನೋದವಿದೆ. ೨೦೦೯ರಲ್ಲಿ ಬಂದ ಒಂದಕ್ಕೆ ‘ಮಸ್ಟಾಶ್’, ಅಂದರೆ ಮೀಸೆ, ಎಂದು ಹೆಸರು. ಖಾಲಿ ಜಾಗವನ್ನು ಗುರುತಿಸಲು ಅದು ಬಳಸುವ ಬಾಗಿದ ಆವರಣ ಚಿಹ್ನೆಯನ್ನು ಮಗ್ಗುಲಾಗಿ ಮಲಗಿಸಿ ನೋಡಿದರೆ ಥೇಟು ಮೀಸೆಯೇ. ಮುಂದಿನ ವರ್ಷ ಅದರ ಮೇಲೆ ಇನ್ನಷ್ಟು ಕಲೆ ಕಟ್ಟಿ ಬಂದದ್ದು ‘ಹ್ಯಾಂಡಲ್‌ಬಾರ್ಸ್’. ತುದಿ ತಿರುಚಿದ ದೊಡ್ಡ ಮೀಸೆಗೆ ಇಂಗ್ಲಿಷರ ಹೆಸರು ಅದು. ನಮ್ಮಲ್ಲಿ ಗಿರಿಜಾ ಮೀಸೆ ಎನ್ನುತ್ತೇವಲ್ಲ, ಹಾಗೆ. ಶಾಪಿಫೈ ಕಂಪನಿಯವರ ಅಂಗಡಿಗಳಿಗೆಂದು ೨೦೦೬ರಲ್ಲಿ ಹುಟ್ಟಿದ್ದು ‘ಲಿಕ್ವಿಡ್’. ಮೊಜಿಲ್ಲಾದವರಿಂದ ಬಂದದ್ದು ‘ನನ್‌ಜಕ್ಸ್’. ‘ಜೇಡ್’ ಎಂಬ ಹಸಿರು ರತ್ನದ ಹೆಸರಿಟ್ಟುಕೊಂಡಿದ್ದ ಒಂದಕ್ಕೆ ಆ ಹೆಸರಿನ ಮೇಲೆ ಬೇರೆಯವರ ಟ್ರೇಡ್‌ಮಾರ್ಕ್ ಇದ್ದುದರಿಂದ ೨೦೧೬ರಲ್ಲಿ ಮರುನಾಮಕರಣವಾಗಿ ‘ಪಗ್’ ಎಂಬ ಮುದ್ದು ನಾಯಿಯ ಹೆಸರು ಬಂದಿತು. ಇನ್ನೆರಡು, ‘ಹ್ಯಾಮ್ಲ್’ ಮತ್ತು ‘ಇಜೆಎಸ್’. ಈ ಏಳನ್ನೂ ಎಲೆವೆಂಟಿ ತನ್ನ ಒಡಲಲ್ಲೇ ಇಟ್ಟುಕೊಂಡಿತ್ತು. ಯಾರ ಮನೆಯ ಪದ್ಧತಿ ಏನೇ ಇರಲಿ, ಬಂದು ಕುಳಿತರೆ ಎಲೆ ಹಾಕಿ ಬಡಿಸುತ್ತಿತ್ತು.

ಆದರೆ ಆತಿಥ್ಯಕ್ಕೂ ಒಂದು ಲೆಕ್ಕ ಬೇಕೆಂಬುದನ್ನು ಮನೆ ನಡೆಸುವವರೆಲ್ಲ ಬಲ್ಲರು.

ಇನ್ನೊಬ್ಬರ ಹೆಗಲ ಮೇಲೆ

ಈ ಎಂಜಿನುಗಳಲ್ಲಿ ಯಾವುದೂ ಎಲೆವೆಂಟಿಯವರು ಬರೆದದ್ದಲ್ಲ. ಒಂದೊಂದೂ ಬೇರೆ ಬೇರೆಯವರು, ಬೇರೆ ಬೇರೆ ಕಾಲದಲ್ಲಿ, ಬಹುಮಟ್ಟಿಗೆ ಬಿಡುವಿನ ವೇಳೆಯಲ್ಲಿ ಮಾಡಿ ಲೋಕಕ್ಕೆ ಬಿಟ್ಟದ್ದು. ಹೀಗೆ ಇನ್ನೊಬ್ಬರ ಕೆಲಸದ ಮೇಲೆ ನಮ್ಮ ಕೆಲಸ ನಿಂತಿರುವುದಕ್ಕೇ ಆ ಜನ ‘ಡಿಪೆಂಡೆನ್ಸಿ’ ಎನ್ನುವುದು. ಕನ್ನಡದಲ್ಲಿ ಅವಲಂಬನೆ ಎನ್ನಬಹುದು. ಅವಲಂಬನೆ ದೋಷವಲ್ಲ. ಉಪ್ಪಿನಿಂದ ಹಿಡಿದು ಕರ್ಪೂರದವರೆಗೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವ ಸಂಸಾರ ಯಾವುದಿದೆ? ಆದರೆ ಕಿರಾಣಿ ಅಂಗಡಿಯವನು ಅಂಗಡಿ ಮುಚ್ಚಿ ಊರಿಗೆ ಹೋದರೆ ನಮ್ಮ ಒಲೆಯೂ ತಣ್ಣಗಾಗುತ್ತದೆ.

೨೦೧೬ರ ಮಾರ್ಚಿಯಲ್ಲಿ ನಡೆದ ಒಂದು ಸಂಗತಿ ಇದಕ್ಕೆ ಒಳ್ಳೆಯ ನಿದರ್ಶನ. ಜಾವಾಸ್ಕ್ರಿಪ್ಟ್ ತಂತ್ರಾಂಶಗಳ ದೊಡ್ಡ ಉಗ್ರಾಣವಾದ ‘ಎನ್‌ಪಿಎಂ’ನಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬ ಹನ್ನೊಂದೇ ಸಾಲಿನ ತುಣುಕೊಂದಿತ್ತು. ಒಂದು ಪದದ ಎಡಗಡೆಗೆ ಬೇಕಾದಷ್ಟು ಖಾಲಿ ಜಾಗ ತುಂಬುವುದೇ ಅದರ ಕೆಲಸ. ಹೆಸರೊಂದರ ಬಗ್ಗೆ ಜಗಳವಾಗಿ ಅದರ ಕರ್ತೃ ತನ್ನ ತುಣುಕುಗಳನ್ನೆಲ್ಲ ಉಗ್ರಾಣದಿಂದ ಹಿಂದಕ್ಕೆ ತೆಗೆದುಕೊಂಡರು. ಕೂಡಲೆ ಆ ತುಣುಕನ್ನು ನೆಚ್ಚಿದ್ದವರನ್ನು ನೆಚ್ಚಿದ್ದ ದೊಡ್ಡ ದೊಡ್ಡ ತಂತ್ರಾಂಶಗಳು ಕಟ್ಟಲಾರದೆ ನಿಂತವು. ಕೆಲವು ಗಂಟೆಗಳಲ್ಲಿ ಉಗ್ರಾಣದವರು ಅದನ್ನು ಮರಳಿ ಇಟ್ಟು ಸರಿಪಡಿಸಿದರು. ಸರಿಯೇ. ಆದರೆ ಹನ್ನೊಂದು ಸಾಲಿನ ಗೂಟ ಕಿತ್ತರೆ ಎಷ್ಟು ದೊಡ್ಡ ಚಪ್ಪರ ಓಲಾಡುತ್ತದೆಂದು ಅಂದು ಎಲ್ಲರಿಗೂ ಕಂಡಿತು.

ಇದು ಇದ್ದಕ್ಕಿದ್ದಂತೆ ಬಂದ ಆಪತ್ತು. ನಿಧಾನವಾಗಿ ಬರುವ ಆಪತ್ತು ಇನ್ನೊಂದು ಬಗೆಯದು. ಎಂಜಿನ್ ಬರೆದವರಿಗೆ ಮದುವೆಯಾಗುತ್ತದೆ, ಮಕ್ಕಳಾಗುತ್ತವೆ, ಕೆಲಸ ಬದಲಾಗುತ್ತದೆ. ಎಂಜಿನಿನ ಕಡೆ ತಿರುಗಿ ನೋಡಲು ಬಿಡುವಾಗುವುದಿಲ್ಲ. ಎಂಜಿನ್ ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಸುತ್ತಲಿನ ಲೋಕ ಮುಂದೆ ಹೋಗುತ್ತದೆ. ಜೆಕಿಲ್‌ಗೆ ಆದದ್ದು ಹೀಗೆಯೇ. ಆ ಕಥೆ ನಮ್ಮ ಮನೆಗಳ ಅಜ್ಜಿಯರಿಗೆ ಚೆನ್ನಾಗಿ ಅರ್ಥವಾಗುವಂಥದು.

ರೂಬಿ ಭಾಷೆಯಲ್ಲಿ ಹಿಂದೆ ಒಂದು ಮಡಿ-ಮೈಲಿಗೆಯ ಏರ್ಪಾಡಿತ್ತು. ಹೊರಗಿನಿಂದ ಬಂದ ಅಕ್ಷರಗಳಿಗೆಲ್ಲ ‘ಮೈಲಿಗೆ’ ಎಂದು ಗುರುತು ಹಾಕಿ, ಮುಟ್ಟುವ ಮೊದಲು “ಇದು ಮೈಲಿಗೆಯೆ?” ಎಂದು ಕೇಳುವ ಅವಕಾಶ ಅದು. ಬರಬರುತ್ತ ಈ ಮಡಿಯಿಂದ ಪ್ರಯೋಜನವಿಲ್ಲವೆಂದು ರೂಬಿಯ ಹಿರಿಯರಿಗೆ ತೋರಿತು. ೨೦೧೯ರ ಡಿಸೆಂಬರಿನಲ್ಲಿ ಬಂದ ೨.೭ನೆಯ ಆವೃತ್ತಿಯಲ್ಲಿ “ಇನ್ನು ಇದನ್ನು ನಂಬಬೇಡಿ, ಮುಂದೆ ತೆಗೆದುಹಾಕುತ್ತೇವೆ” ಎಂದು ಸಾರಿದರು. ಮೂರು ವರ್ಷ ಕಾದು, ೨೦೨೨ರ ಡಿಸೆಂಬರಿನ ೩.೨ನೆಯ ಆವೃತ್ತಿಯಲ್ಲಿ ಆ ಪ್ರಶ್ನೆಯನ್ನೇ ಭಾಷೆಯಿಂದ ಅಳಿಸಿದರು. ಜೆಕಿಲ್ ನೆಚ್ಚಿದ್ದ ಲಿಕ್ವಿಡ್ ಎಂಜಿನಿನ ಹಳೆಯ ೪.೦.೩ ಆವೃತ್ತಿ ಮಾತ್ರ ಮೂಲೆಯಲ್ಲೆಲ್ಲೋ ಇನ್ನೂ “ಮೈಲಿಗೆಯೆ?” ಎಂದು ಕೇಳುತ್ತಲೇ ಇತ್ತು. ಹೊಸ ರೂಬಿ “ಹಾಗೆಂದರೇನು?” ಎಂದು ಅಲ್ಲೇ ನಿಂತುಬಿಟ್ಟಿತು. ಹೊಸ ರೂಬಿ ಹಾಕಿಕೊಂಡ ಜೆಕಿಲ್ ಬಳಕೆದಾರರಿಗೆ, ಒಂದಕ್ಷರವನ್ನೂ ತಿದ್ದದಿದ್ದರೂ ತಾಣ ಕಟ್ಟಲು ಬರದಾಯಿತು. ಲಿಕ್ವಿಡ್‌ನ ಹೊಸ ಐದನೆಯ ಶ್ರೇಣಿ ೨೦೨೧ರಲ್ಲೇ ಬಂದಿದ್ದರೂ ಜೆಕಿಲ್ ನಾಲ್ಕನೆಯ ಶ್ರೇಣಿಗೇ ಕಟ್ಟುಬಿದ್ದಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು. ಕಡೆಗೆ ೨೦೨೩ರ ಆರಂಭದಲ್ಲಿ ಹಳೆಯ ಶ್ರೇಣಿಗೇ ತೇಪೆ ಹಾಕಿ ೪.೦.೪ ಎಂಬುದನ್ನು ಹೊರಡಿಸಿದ ಮೇಲೆ ಗಾಡಿ ಮುಂದೆ ಸಾಗಿತು.

ಮೂರನೆಯದು ಭದ್ರತೆಯ ಮಾತು. ಹ್ಯಾಂಡಲ್‌ಬಾರ್ಸ್‌ನಲ್ಲಿ ೨೦೧೯ರಲ್ಲಿಯೂ ಇಜೆಎಸ್‌ನಲ್ಲಿ ೨೦೨೨ರಲ್ಲಿಯೂ ಕಳ್ಳಗಿಂಡಿಗಳು ಕಂಡುಬಂದು, ತಿದ್ದಿದ ಆವೃತ್ತಿಗಳು ಹೊರಟವು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಪರಿಚಿತರು ಕಳುಹಿಸಿದ್ದನ್ನು ಆಗಿಂದಾಗ್ಗೆ ಒತ್ತಿ ಕೊಡುವ ದೊಡ್ಡ ಕಂಪ್ಯೂಟರುಗಳಿಗೆ ಇಂಥ ಕಿಂಡಿ ನಿಜವಾದ ಅಪಾಯ. ನಮ್ಮ ಮನೆಯಲ್ಲಿ ನಮ್ಮದೇ ಹಿಟ್ಟನ್ನು ಒತ್ತುವ ಸೈಟ್ ಜನರೇಟರಿಗೆ ಅಷ್ಟು ಭಯವಿಲ್ಲ. ಆದರೂ ಎಚ್ಚರಿಕೆಯ ಗಂಟೆ ಎರಡು ಕಡೆಯೂ ಒಂದೇ ಸಮನೆ ಬಾರಿಸುತ್ತದೆ. ಮೀಸೆಯ ಟೆಂಪ್ಲೇಟನ್ನು ಕಂಡೇ ಇರದವನಿಗೂ “ನಿನ್ನ ಮನೆಯಲ್ಲಿ ಅಪಾಯವಿದೆ” ಎಂಬ ಕೆಂಪು ಅಕ್ಷರ ಕಾಣಿಸುತ್ತದೆ. ಅವನು ಗಾಬರಿಯಾಗಿ ಒರಳಿನ ಯಜಮಾನರಿಗೆ ಬರೆಯುತ್ತಾನೆ. ಅವರು ಪ್ರತಿಯೊಬ್ಬರಿಗೂ ಉತ್ತರ ಬರೆಯಬೇಕು. ಊರು ಉಪಕಾರ ಅರಿಯದು ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ.

ಹೊರಗೆ ಹಾಕಿದ್ದಲ್ಲ, ಬೇರೆ ಮನೆ ಮಾಡಿಕೊಟ್ಟದ್ದು

ಹಳೆಯದನ್ನು ಬದಲಾಯಿಸಬೇಕೆಂದು ಹೇಳುವುದು ಸುಲಭ. ಅದನ್ನೇ ನೆಚ್ಚಿ ತಾಣ ಕಟ್ಟಿಕೊಂಡವರ ಗತಿಯೇನು? ಈ ಪ್ರಶ್ನೆಗೆ ಎಲೆವೆಂಟಿಯವರು ಕೊಟ್ಟ ಉತ್ತರವನ್ನು ನಾವು ವಿಶೇಷವಾಗಿ ಮೆಚ್ಚಿದ್ದೇವೆ.

ಮೊದಲ ದೊಡ್ಡ ಬದಲಾವಣೆ ೨೦೨೨ರ ಜನವರಿಯಲ್ಲಿ ಹೊರಟ ೧.೦ ಆವೃತ್ತಿಯಲ್ಲಾಯಿತು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಲಿಕ್ವಿಡ್ ಎಂಜಿನಿನ ಜಾವಾಸ್ಕ್ರಿಪ್ಟ್ ರೂಪ ಆರನೆಯ ಶ್ರೇಣಿಯದು. ಅದನ್ನು ತೆಗೆದು ಒಂಬತ್ತನೆಯದನ್ನು ಕೂಡಿಸಿದರು. ಜೊತೆಗೆ ಎರಡು ನಿಯಮಗಳು ಬಿಗಿಯಾದವು. ಒಂದು ಟೆಂಪ್ಲೇಟಿನೊಳಗೆ ಇನ್ನೊಂದನ್ನು ಸೇರಿಸುವಾಗ ಅದರ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಬೇಕೆಂಬುದು ಮೊದಲನೆಯದು. ಎರಡನೆಯದು, ಇಲ್ಲದ ಸಂಸ್ಕಾರವನ್ನು ಹೆಸರಿಸಿದರೆ ಹಿಂದಿನಂತೆ ಮೌನವಾಗಿ ದಾಟಿ ಹೋಗದೆ, ತಪ್ಪೆಂದು ಹೇಳಿ ನಿಲ್ಲುವುದು. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಇದುವರೆಗೆ ಸಹಿಯಿಲ್ಲದ ಅರ್ಜಿಯನ್ನೂ ಸ್ವೀಕರಿಸುತ್ತಿದ್ದ ಗುಮಾಸ್ತೆ ಇನ್ನು ಸ್ವೀಕರಿಸುವುದಿಲ್ಲವೆಂದು ಸುತ್ತೋಲೆ ಬಂದ ಹಾಗೆ. ಆದರೆ ಸುತ್ತೋಲೆಯನ್ನು ಗೋಡೆಗೆ ಅಂಟಿಸಿ ಅವರು ಕೈ ತೊಳೆದುಕೊಳ್ಳಲಿಲ್ಲ. ‘ಅಪ್‌ಗ್ರೇಡ್ ಹೆಲ್ಪ್’ ಎಂಬ ಒಂದು ಸಹಾಯಕ ತುಣುಕನ್ನೂ ಕೊಟ್ಟರು. ಅದನ್ನು ತಾತ್ಕಾಲಿಕವಾಗಿ ಕೂಡಿಸಿಕೊಂಡರೆ ನಮ್ಮ ತಾಣವನ್ನೆಲ್ಲ ಓದಿ, ಹೊಸ ನಿಯಮಕ್ಕೆ ಹೊಂದದಿರುವುದು ಯಾವುದೆಂದು ಪಟ್ಟಿ ಮಾಡಿ ತೋರಿಸುತ್ತದೆ. ಕೆಲಸ ಮುಗಿದ ಮೇಲೆ ತೆಗೆದುಹಾಕಬಹುದು. ಯಾವ ಇಲಾಖೆ ಹೊಸ ನಿಯಮದ ಜೊತೆಗೆ ಹೀಗೆ ಕೈಹಿಡಿದು ನಡೆಸುವವನನ್ನೂ ಕಳುಹಿಸುತ್ತದೆ, ಹೇಳಿ!

ಎರಡನೆಯ ಬದಲಾವಣೆ ೨೦೨೪ರ ಅಕ್ಟೋಬರಿನ ೩.೦ ಆವೃತ್ತಿಯದು. ಅದರಲ್ಲಿ ಹ್ಯಾಂಡಲ್‌ಬಾರ್ಸ್, ಮಸ್ಟಾಶ್, ಇಜೆಎಸ್, ಹ್ಯಾಮ್ಲ್, ಪಗ್ ಎಂಬ ಐದು ಎಂಜಿನುಗಳನ್ನು ಮೂಲ ಒಡಲಿನಿಂದ ಹೊರಗೆ ತಂದರು. ಲಿಕ್ವಿಡ್, ನನ್‌ಜಕ್ಸ್, ಮಾರ್ಕ್‌ಡೌನ್ ಮತ್ತು ಜಾವಾಸ್ಕ್ರಿಪ್ಟಿನ ಸ್ವಂತ ಟೆಂಪ್ಲೇಟುಗಳು ಒಳಗೆ ಉಳಿದವು. ಇದರ ಮರ್ಮ ಇರುವುದು ‘ಹೊರಗೆ ತಂದರು’ ಎಂಬ ಮಾತಿನಲ್ಲಿ. ಎಸೆಯಲಿಲ್ಲ. ಒಂದೊಂದಕ್ಕೂ ಬೇರೆ ಬೇರೆ ‘ಪ್ಲಗಿನ್’ ಮಾಡಿಟ್ಟರು. ಬೇಕಾದವರು ತಮಗೆ ಬೇಕಾದ ಒಂದನ್ನು ಕೇಳಿ ತರಿಸಿಕೊಂಡು ಸಿಕ್ಕಿಸಿಕೊಳ್ಳಬಹುದು. ಬೇಡದವರ ಮನೆಗೆ ಅದು ಬರುವುದೇ ಇಲ್ಲ.

ಒಟ್ಟು ಕುಟುಂಬದಲ್ಲಿ ಬೆಳೆದವರಿಗೆ ಇದರ ಅಂದ ತಿಳಿಯುತ್ತದೆ. ಐವರು ಅಣ್ಣತಮ್ಮಂದಿರಿಗೆ ಒಂದೇ ಅಡಿಗೆಮನೆ ಸಾಲದಾದಾಗ ಜಗಳವಾಡಿ ಒಡೆಯುವುದು ಒಂದು ರೀತಿ. ಪಕ್ಕದಲ್ಲೇ ಮನೆ ಕಟ್ಟಿಸಿಕೊಟ್ಟು, ಪಾತ್ರೆ-ಪಡಗ ಹಂಚಿ, ಹಬ್ಬಕ್ಕೆ ಕರೆಯುವುದು ಇನ್ನೊಂದು ರೀತಿ. ಎರಡನೆಯದರಲ್ಲಿ ಮನೆ ಎರಡಾದರೂ ನಂಟು ಒಂದೇ. ಊರು ಬಿಟ್ಟು ಬಂದು ಇಲ್ಲಿ ನೆಲಸಿದ ನಾವೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಹಾಗೆ ಬೇರೆ ಮನೆ ಮಾಡಿದವರೇ ಅಲ್ಲವೆ?

ನ್ಯಾಯವಾಗಿ ಹೇಳಬೇಕಾದರೆ ಎದುರು ಪಕ್ಷದ ಮಾತಿನಲ್ಲಿಯೂ ಹುರುಳಿದೆ. “ನಾವು ಬಂದಾಗ ಎಲ್ಲ ಬಗೆಯೂ ಉಂಟು ಎಂದಿರಿ, ಈಗ ಬೇರೆ ತರಿಸಿಕೊಳ್ಳಿ ಎನ್ನುತ್ತೀರಿ. ನಮಗೆ ಹೊಸದಾಗಿ ಕಲಿಯಲು ಬಿಡುವೆಲ್ಲಿದೆ?” ಎಂದು ಯಾರಾದರೂ ಕೇಳಿದರೆ ಅದು ಬರಿಯ ಸೋಮಾರಿತನವಲ್ಲ. ಬಡ ಸಂಸ್ಥೆಗಳು ಒಮ್ಮೆ ಮಾಡಿಸಿದ ಕೆಲಸವನ್ನು ಹತ್ತು ವರ್ಷ ನಡೆಸಲೇಬೇಕಾಗುತ್ತದೆ. ಇಷ್ಟು ಮಾತ್ರ ಹೇಳಬಹುದು: ಹಳೆಯ ಆವೃತ್ತಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಎರಡನೆಯ ಶ್ರೇಣಿಯನ್ನೇ ಹಿಡಿದು ಕುಳಿತವರ ತಾಣ ಇಂದಿಗೂ ಕಟ್ಟುತ್ತದೆ. ಆದರೆ ಹೊಸ ತೇಪೆಗಳು ಬರುವುದು ಹೊಸ ಬಟ್ಟೆಗೇ. ಹಳೆಯದನ್ನು ಉಡುತ್ತೇನೆನ್ನುವವನು ಸೂಜಿ-ದಾರವನ್ನೂ ತಾನೇ ಇಟ್ಟುಕೊಳ್ಳಬೇಕು.

ನಮ್ಮ ಸಂಘದ ನೂರಿಪ್ಪತ್ತು ಪುಟ

ಇಷ್ಟು ದೂರದ ಮಾತು ನಮಗೆ ಹತ್ತಿರವಾದದ್ದು ನಮ್ಮ ಸಂಘದ ತಾಣದಿಂದ. ೨೦೧೯ರಲ್ಲಿ ಸಂಘದ ಒಬ್ಬ ಉತ್ಸಾಹಿ ತರುಣ ಎಲೆವೆಂಟಿಯನ್ನೂ ಗಿರಿಜಾ ಮೀಸೆಯ ಟೆಂಪ್ಲೇಟುಗಳನ್ನೂ ಬಳಸಿ ಅದನ್ನು ಕಟ್ಟಿಕೊಟ್ಟು, ಮುಂದೆ ಕೆಲಸದ ಮೇಲೆ ಪರದೇಶಕ್ಕೆ ಹೋದ. ಸುಮಾರು ನೂರಿಪ್ಪತ್ತು ಪುಟ. ರಾಜ್ಯೋತ್ಸವ, ದಸರೆಗಳ ಕಾರ್ಯಕ್ರಮ, ಪುಸ್ತಕ ಭಂಡಾರದ ಯಾದಿ, ಮಕ್ಕಳ ಕನ್ನಡ ತರಗತಿಯ ವೇಳೆ, ಸಂಘ ಕಟ್ಟಿ ಕಾಲವಾದ ಹಿರಿಯರ ಪರಿಚಯ. ದೊಡ್ಡವರ ಕಣ್ಣಿಗೆ ಇದು ಏನೂ ಅಲ್ಲ. ಆದರೆ ವಿಜಾಪುರದಿಂದಲೋ ಗದಗದಿಂದಲೋ ಹೊಸದಾಗಿ ವರ್ಗವಾಗಿ ಬಂದ ಗೃಹಸ್ಥ, ಮಗುವಿಗೆ ಕನ್ನಡ ಅಕ್ಷರ ಕಲಿಸುವವರು ಈ ಊರಿನಲ್ಲಿ ಯಾರಿದ್ದಾರೆಂದು ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ಹುಡುಕಿದಾಗ ಅವನಿಗೆ ಸಿಕ್ಕುವುದು ಈ ಪುಟವೇ. ತೀರಿಹೋದ ಹಿರಿಯರ ಮೊಮ್ಮಕ್ಕಳು ತಮ್ಮ ಅಜ್ಜನ ಹೆಸರನ್ನು ಹುಡುಕಿ ನೋಡುವುದೂ ಇಲ್ಲಿಯೇ. ನೂರಿಪ್ಪತ್ತು ಪುಟ ಕಾಣೆಯಾದರೆ ಪತ್ರಿಕೆಯಲ್ಲಿ ಸುದ್ದಿಯಾಗುವುದಿಲ್ಲ. ನಷ್ಟ ಮಾತ್ರ ಆಗಿರುತ್ತದೆ.

ಇದನ್ನು ಹೊಸ ಆವೃತ್ತಿಗೆ ಸಾಗಿಸಬೇಕೆಂಬ ಮಾತು ಕಾರ್ಯಕಾರಿ ಸಮಿತಿಯಲ್ಲಿ ಬಂದಾಗ ಹಿರಿಯ ಸದಸ್ಯರೊಬ್ಬರು ಸಹಜವಾಗಿಯೇ ಕೇಳಿದರು: “ಅಲ್ರೀ, ನಡದದ್ದನ್ನ ಯಾಕ ಕೆದರತೀರಿ? ಇಷ್ಟು ವರ್ಷ ಚಲೋನ ನಡದದಲ್ಲಾ?”

ತಂತ್ರಾಂಶದ ಕಂಪನಿಯಲ್ಲಿ ಕೆಲಸ ಮಾಡುವ ನಮ್ಮ ಸಂಘದ ತಂಗಿಯೊಬ್ಬಳು ಉತ್ತರ ಕೊಟ್ಟಳು: “ಕಾಕಾ, ನಡದಾಗನ ನೆಟ್ಟಗ ಮಾಡಬೇಕ್ರಿ. ನಿಂತ ಮ್ಯಾಲೆ ಮಾಡಾಕ ಹೋದ್ರ, ಮೊದಲ ಹೆಂಗಿತ್ತು ಅಂತ ತಾಳೆ ನೋಡಾಕ ಏನೂ ಇರಂಗಿಲ್ಲ.”

ಈ ಒಂದು ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಕೆಲಸವನ್ನು ನಾಲ್ಕಾರು ಜನ ಹಂಚಿಕೊಂಡು ಐದು ಭಾನುವಾರಗಳಲ್ಲಿ ಮುಗಿಸಿದೆವು. ಬೇರೆ ಸಂಘಗಳಿಗೂ ಉಪಯೋಗವಾದೀತೆಂದು ಅದರ ಕ್ರಮವನ್ನು ಹೇಳುತ್ತೇವೆ.

ಮೊದಲನೆಯದಾಗಿ, ಹಳೆಯ ಒರಳಿನಿಂದಲೇ ಇಡೀ ತಾಣವನ್ನು ಒಮ್ಮೆ ಒತ್ತಿ ತೆಗೆದು, ಆ ನೂರಿಪ್ಪತ್ತು ಸಿದ್ಧ ಪುಟಗಳನ್ನು ಬೇರೆ ಕಡೆ ಭದ್ರವಾಗಿಟ್ಟೆವು. ಇದೇ ನಮ್ಮ ಅಸಲು ಪ್ರತಿ. ಎರಡನೆಯದಾಗಿ, ಒರಳನ್ನು ಮಾತ್ರ ಹೊಸದು ಮಾಡಿ, ಹೊರಗಿನ ಪ್ಲಗಿನ್ನಿನ ಮೂಲಕ ಹಳೆಯ ಗಿರಿಜಾ ಮೀಸೆಯ ಟೆಂಪ್ಲೇಟುಗಳನ್ನೇ ಅದರಲ್ಲಿ ಓಡಿಸಿದೆವು. ಹೊಸ ಪುಟಗಳನ್ನು ಅಸಲು ಪ್ರತಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿದೆವು. ಇದಕ್ಕೆ ಕಣ್ಣು ನೋಯಿಸಿಕೊಳ್ಳಬೇಕಾಗಿಲ್ಲ. ಎರಡು ಕಡತಗಳ ವ್ಯತ್ಯಾಸವನ್ನು ತೋರಿಸುವ ಉಚಿತ ಸಾಧನಗಳುಂಟು. ಒರಳು ಮತ್ತು ಬಿಲ್ಲೆ ಎರಡನ್ನೂ ಒಂದೇ ದಿನ ಬದಲಾಯಿಸಿದರೆ, ಚಕ್ಕುಲಿ ಮುರಿದಾಗ ದೋಷ ಯಾವುದರದೆಂದು ಯಾರಿಗೆ ಗೊತ್ತಾಗಬೇಕು?

ಮೂರನೆಯದಾಗಿ, ಹದಿನಾಲ್ಕು ಟೆಂಪ್ಲೇಟುಗಳನ್ನು ಒಂದೊಂದಾಗಿ ನನ್‌ಜಕ್ಸ್‌ಗೆ ತಿರುಗಿಸಿದೆವು; ಒಂದು ತಿರುಗಿಸಿ, ಒತ್ತಿ, ತಾಳೆ ನೋಡಿ, ಆಮೇಲೆ ಇನ್ನೊಂದು. ಇಲ್ಲಿ ಎಲ್ಲರೂ ನೆನಪಿಡಬೇಕಾದ ಒಂದು ಸೂಕ್ಷ್ಮವಿದೆ. ಹ್ಯಾಂಡಲ್‌ಬಾರ್ಸ್‌ನಲ್ಲಿ ಎರಡೆರಡು ಮೀಸೆಯ ನಡುವೆ ಬರೆದದ್ದು ಬರಿಯ ಅಕ್ಷರವೆಂದು ಪರಿಗಣಿತವಾಗುತ್ತದೆ. ಅದರಲ್ಲಿ ಪುಟದ ರಚನೆಯ ಗುರುತುಗಳಿದ್ದರೆ ಅವನ್ನು ನಿಷ್ಕ್ರಿಯ ಮಾಡಿಬಿಡುತ್ತದೆ. ಹೊರಗಿನವರ ಮಾತಿನಲ್ಲಿ ಕುಚೋದ್ಯವೇನಾದರೂ ಅಡಗಿದ್ದರೆ ಅದು ಕೆಲಸ ಮಾಡದಿರಲೆಂಬ ಮುನ್ನೆಚ್ಚರಿಕೆ ಅದು. ಮೂರು ಮೂರು ಮೀಸೆ ಬರೆದರೆ “ಇದು ನಮ್ಮದೇ ಬರವಣಿಗೆ, ಇದ್ದಂತೆ ಬಿಡು” ಎಂದರ್ಥ. ನನ್‌ಜಕ್ಸ್‌ನಲ್ಲಿ ಮೂರನೆಯ ಮೀಸೆ ಇಲ್ಲ. ಅದರ ಬದಲು ‘ಸೇಫ್’ ಎಂಬ ಪದವನ್ನು ಪಕ್ಕದಲ್ಲಿ ಬರೆಯಬೇಕು. ಆ ಪದವನ್ನು ಬಿಟ್ಟರೆ ಓದುವವರಿಗೆ ಲೇಖನದ ನಡುವೆ ಕೋನಾಕಾರದ ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಬೇಡದ ಕಡೆ ಬರೆದರೆ ಬಾಗಿಲಿಗೆ ಅಗುಳಿ ಹಾಕದೆ ಮಲಗಿದಂತೆ. ಹದಿನಾಲ್ಕೂ ಟೆಂಪ್ಲೇಟುಗಳ ಮೂರು ಮೀಸೆಗಳನ್ನೆಲ್ಲ ಮೊದಲೇ ಕಾಗದದ ಮೇಲೆ ಪಟ್ಟಿ ಮಾಡಿ, ಒಂದೊಂದಕ್ಕೂ ಟಿಕ್ಕು ಹಾಕುತ್ತ ಹೋದುದರಿಂದ ಕೆಲಸ ಹಗುರವಾಯಿತು. ಗುಮಾಸ್ತಗಿರಿ ಹೀಗೆ ಒಮ್ಮೊಮ್ಮೆ ಉಪಯೋಗಕ್ಕೆ ಬರುವುದುಂಟು.

ಹದಿನಾಲ್ಕೂ ತಿರುಗಿದ ಮೇಲೆ ಪ್ಲಗಿನ್ನನ್ನು ಕಳಚಿಟ್ಟೆವು. ಕೊನೆಗೆ ಅಸಲು ಪ್ರತಿಗೂ ಹೊಸದಕ್ಕೂ ಉಳಿದ ವ್ಯತ್ಯಾಸ ಸಾಲುಗಳ ನಡುವಿನ ಕೆಲವು ಖಾಲಿ ಜಾಗ ಮಾತ್ರ. ಸಮಿತಿಯ ಹಿರಿಯರು ಫೋನಿನಲ್ಲಿ ತಾಣವನ್ನು ತೆರೆದು ನೋಡಿ, “ಏನೂ ಬದಲಾಗಿಲ್ಲಲ್ರೀ!” ಎಂದರು. ಈ ಕೆಲಸಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇನ್ನೊಂದಿಲ್ಲ.

ಚಾರ್ಜು ಕೊಡುವ ಪದ್ಧತಿ

ಇದರಲ್ಲಿ ನಮ್ಮ ಮನಸ್ಸಿಗೆ ತಟ್ಟಿದ ಒಂದು ವಿಷಯವಿದೆ. ಟೆಂಪ್ಲೇಟು ಬದಲಾಯಿತು, ಎಂಜಿನ್ ಬದಲಾಯಿತು, ಒರಳೂ ಹೊಸದಾಯಿತು. ಆದರೆ ಬರವಣಿಗೆಯ ಒಂದಕ್ಷರವನ್ನೂ ಮುಟ್ಟಬೇಕಾಗಲಿಲ್ಲ. ಅದು ಯೂನಿಕೋಡ್ ಕನ್ನಡದ ಸಾದಾ ಅಕ್ಷರಗಳಲ್ಲಿ, ಯಾವ ಎಂಜಿನಿನ ಹಂಗೂ ಇಲ್ಲದೆ, ಬೇರೆಯಾಗಿಯೇ ಇತ್ತು. ಕನ್ನಡಿಗರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಒಂದೊಂದು ಫಾಂಟಿನ ಒಂದೊಂದು ಗುಟ್ಟಿನ ಲಿಪಿಯಲ್ಲಿ ಬೆರಳಚ್ಚು ಮಾಡಿಟ್ಟ ಲೇಖನಗಳು ಎಷ್ಟೋ ಸಂಘಗಳ ಹಳೆಯ ಕಂಪ್ಯೂಟರುಗಳಲ್ಲಿವೆ. ಆ ಫಾಂಟು ಇಲ್ಲದ ಕಡೆ ತೆರೆದರೆ ಕಾಣುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಕಸ. ಹಿಟ್ಟು ಬಿಲ್ಲೆಗೆ ಅಂಟಿಕೊಂಡರೆ ಹಾಗಾಗುತ್ತದೆ. ಪರಿವರ್ತಕ ತಂತ್ರಾಂಶಗಳ ಸಹಾಯದಿಂದ ಅವನ್ನು ಬಿಡಿಸಿಕೊಳ್ಳಬಹುದು. ಬಲ್ಲವರು ನಮ್ಮ ನಡುವೆ ಇರುವಾಗಲೇ ಬಿಡಿಸಿಕೊಳ್ಳುವುದು ಮೇಲು.

ಇನ್ನೊಂದು ಮಾತು. ಕಚೇರಿಯಲ್ಲಿ ಒಬ್ಬ ಗುಮಾಸ್ತೆ ವರ್ಗವಾದರೆ ಬೀಗದ ಕೈ, ಕಡತಗಳ ಸಂಖ್ಯೆ, ಬಾಕಿ ಇರುವ ಕಾಗದ ಎಲ್ಲವನ್ನೂ ಪಟ್ಟಿ ಮಾಡಿ ಮುಂದಿನವನಿಗೆ ಚಾರ್ಜು ಕೊಡುತ್ತಾನೆ. ನಮ್ಮ ಸಂಘಗಳಲ್ಲಿ ವೆಬ್‌ಸೈಟಿನ ಚಾರ್ಜು ಕೊಡುವ ಪದ್ಧತಿಯೇ ಇಲ್ಲ. ಮಾಡಿದ ಹುಡುಗ ಪರಊರಿಗೆ ಹೋದನೆಂದರೆ ಅವನ ಜೊತೆಗೇ ಗುಟ್ಟೂ ಹೋಯಿತು. ಇದು ಹುಡುಗನ ತಪ್ಪಲ್ಲ. ಕೇಳದಿರುವ ಸಮಿತಿಯ ರೂಢಿ. ಆದುದರಿಂದ ಈ ಸಲ ಕೆಲಸ ಮುಗಿದ ಮೇಲೆ ಎರಡು ಪುಟದ ಒಂದು ಟಿಪ್ಪಣಿಯನ್ನು ಕನ್ನಡದಲ್ಲಿಯೇ ಬರೆದೆವು. ತಾಣ ಯಾವ ಒರಳಿನದು, ಯಾವ ಆವೃತ್ತಿ, ಏನನ್ನು ನೆಚ್ಚಿದೆ, ವಿಳಾಸದ ಬ್ಯಾಡಿಗೆ ಯಾವ ತಿಂಗಳು ಕಟ್ಟಬೇಕು, ಪಾಸ್‌ವರ್ಡು ಯಾರ ಸುಪರ್ದಿನಲ್ಲಿದೆ, ಎಲ್ಲವೂ ಅದರಲ್ಲಿದೆ. ವರ್ಷಕ್ಕೊಮ್ಮೆ, ಸಂಘದ ಲೆಕ್ಕಪತ್ರ ತಪಾಸಣೆಯ ದಿನವೇ, ಅವಲಂಬನೆಗಳನ್ನೂ ತಪಾಸಣೆ ಮಾಡುವುದೆಂದು ಠರಾವೂ ಆಗಿದೆ. ಕನ್ನಡ ತರಗತಿಗೆ ಬರುವ ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಆ ಟಿಪ್ಪಣಿಯನ್ನು ನೋಡಿ ಒಬ್ಬಳೇ ತಾಣವನ್ನು ಕಟ್ಟಿ ತೋರಿಸಿದ ಮೇಲೆಯೇ ಅದು ಸರಿಯಾಗಿದೆಯೆಂದು ನಾವು ಒಪ್ಪಿಕೊಂಡದ್ದು.

ದೂರದ ನಾಡಿನಲ್ಲಿ, ಮುಖ ಕಾಣದ ಯಾರೋ ಕೆಲವರು ತಮ್ಮ ಬಿಡುವನ್ನು ಕೊಟ್ಟು ಒರಳು ಮಾಡಿದರು. ಇನ್ಯಾರೋ ಬಿಲ್ಲೆ ಮಾಡಿದರು. ಅವುಗಳ ಬಲದಿಂದ ಪುಣೆಯ ಒಂದು ಗಲ್ಲಿಯ ಕನ್ನಡ ಸಂಘದ ಹಿರಿಯರ ಹೆಸರುಗಳು ಉಳಿದುಕೊಂಡಿವೆ. ಅವರಿಗೆ ನಾವು ಹಣ ಕೊಡಲಾರೆವು. ದೋಷ ಕಂಡರೆ ಸವಿವರವಾಗಿ, ಸೌಜನ್ಯದಿಂದ ಬರೆದು ತಿಳಿಸಬಹುದು. ಕೈಲಾದವರು ತಿದ್ದಿ ಕಳುಹಿಸಬಹುದು. ಇನ್ನು ನಿಮ್ಮ ಮನೆಯ ಮಗನೋ ಮಗಳೋ ಊಟಕ್ಕೆ ಕುಳಿತಾಗ ಹಳೆಯ ಡಿಪೆಂಡೆನ್ಸಿಯ ಮಾತೆತ್ತಿದರೆ, ಸಾರು ಬಡಿಸುವ ಮುನ್ನ ಒಂದು ಪ್ರಶ್ನೆ ಕೇಳಿ ನೋಡಿ: “ನಮ್ಮ ಸಂಘದ ತಾಣ ಯಾವುದರ ಮೇಲೆ ನಿಂತಿದೆ ಅಂತ ಗೊತ್ತದ ಏನು?”